ಬ್ರುಕ್ನೆ ಮೊದಲು ಹೊಸಿಲು ದಾಟಬೇಕು

"ಅಣ್ಣಾ, ಹೊಸ ಮನೆ ಬೀಗದ ಕೈ ಸಿಕ್ತು!" ಎಂದು ನನ್ನ ತಂಗಿ ಗೆನೆ ಫೋನಿನಲ್ಲಿ ಕಿರುಚಿದಾಗ ನಾನು ಕಿವಿಯಿಂದ ಫೋನನ್ನು ಒಂದು ಗೇಣು ದೂರ ಹಿಡಿಯಬೇಕಾಯಿತು. "ಎರಡು ಬೀಗದ ಕೈ ಕಣೋ! ಒಂದು ಮುಂಬಾಗಿಲಿಗೆ, ಇನ್ನೊಂದು ಹಿಂಬಾಗಿಲಿಗೆ. ನಂಗೆ ಹಿಂಬಾಗಿಲೂ ಇದೆ!"

"ಸಂತೋಷ. ಒಳಗೆ ಹೋಗಿ ಹಾಯಾಗಿ ಕೂತ್ಕೋ."

"ಹೇಗೆ ಹೋಗ್ಲಿ? ಬ್ರುಕ್ನೆ ಇನ್ನೂ ಬಂದಿಲ್ವಲ್ಲ."

ಬ್ರುಕ್ನೆ ಅಂದರೆ ಬೆಕ್ಕು. ಬೂದು ಬಣ್ಣ, ಮುಂಗಾಲೊಂದರಲ್ಲಿ ಬಿಳಿ ಬೆರಳು, ಮುಖದಲ್ಲಿ ಸದಾ ಟಿಕೆಟ್ ತಪಾಸಕನ ಕಳೆ. ನಮ್ಮ ಕಡೆ ಹೊಸ ಮನೆಯ ಹೊಸಿಲನ್ನು ಮೊದಲು ದಾಟಬೇಕಾದ್ದು ಮನುಷ್ಯನಲ್ಲ, ಬೆಕ್ಕು. ಅದು ಎಲ್ಲಿ ಮಲಗುತ್ತದೋ ಅಲ್ಲಿ ಮಂಚ ಹಾಕಬೇಕು. ಇದೆಲ್ಲ ಸೊಗಸಾದ ಮೂಢನಂಬಿಕೆ ಎಂದು ನಾನು ಮೊದಲಿನಿಂದ ಹೇಳಿಕೊಂಡು ಬಂದವನು.

"ಗಾರೆಯವನು ಆರು ತಿಂಗಳು ಆ ಮನೆ ಒಳಗೇ ಇದ್ನಲ್ಲ. ಅವನು ದಾಟಿದ್ದು ಲೆಕ್ಕಕ್ಕಿಲ್ವಾ?" ಎಂದು ಕೆಣಕಿದೆ.

"ಆಗ ಅದು ಮನೆ ಆಗಿರ್ಲಿಲ್ಲ, ಕೆಲಸ ಆಗಿತ್ತು. ತಲೆ ತಿನ್ಬೇಡ ಅಣ್ಣಾ. ಜುಲೈ ಎರಡನೇ ಶನಿವಾರ, ಸಂಜೆ ನಾಲ್ಕಕ್ಕೆ ಎಲ್ಲರನ್ನೂ ಕರೆದಿದೀನಿ. ನನ್ನ ಬೆಕ್ಕು ಬರೋವರೆಗೂ ಹುಲ್ಲಿನ ಮೇಲೆ ನಿಂತಿರ್ತೀನಿ. ಮಳೆ ಬಂದ್ರೂ ಅಷ್ಟೇ."

ನಿಲ್ಲುತ್ತಾಳೆ ಎಂದು ನನಗೆ ಗೊತ್ತು. ಗೆನೆಗೆ ಐವತ್ತೇಳು ವರ್ಷ. ಅದರಲ್ಲಿ ಇಪ್ಪತ್ತೆಂಟನ್ನು ಅವಳು ಶ್ವೆಂತೋಯಿಯ ಕಡಲ ದಂಡೆಯಲ್ಲಿ, ಒಂದು ಆರೋಗ್ಯಧಾಮದ ಅಡುಗೆಮನೆಯಲ್ಲಿ ದುಡಿಯುತ್ತ, ಕೆಲಸದವರ ವಸತಿಗೃಹದ ಒಂದೇ ಕೋಣೆಯಲ್ಲಿ ಕಳೆದಳು. ಹನ್ನೊಂದು ಜನಕ್ಕೆ ಒಂದು ಒಲೆ, ಒಂದು ಬಚ್ಚಲು. ಅಡುಗೆಮನೆಯ ಹಿಂದೆ ಸಿಕ್ಕ ಮರಿಯನ್ನು ಕೋಣೆಯಲ್ಲಿ ಮುಚ್ಚಿಟ್ಟಿದ್ದನ್ನು ಮೇಲ್ವಿಚಾರಕಿ ನೋಡಿಬಿಟ್ಟಳು. ಅಂದಿನಿಂದ ಬೆಕ್ಕು ಮುನ್ನೂರು ಕಿಲೋಮೀಟರ್ ಆಚೆ, ಉತೆನಾದ ನಮ್ಮ ಮನೆಯಲ್ಲಿತ್ತು. "ಮನೆ ಆಗೋವರೆಗೂ ಮಾತ್ರ ಇಟ್ಕೋ" ಅಂದಿದ್ದಳು. ಒಂದೂವರೆ ವರ್ಷ ಆಯಿತು.

ಬೆಕ್ಕೆಂದರೆ ನನಗೆ ಅಷ್ಟಕ್ಕಷ್ಟೆ ಎಂದು ಆ ಒಂದೂವರೆ ವರ್ಷವೂ ಎಲ್ಲರೆದುರು ಹೇಳಿದೆ. ಸುಳ್ಳು. ಮೂವತ್ತೊಂದು ವರ್ಷ ಉತೆನಾದಿಂದ ಕೌನಸಿಗೆ ಬಸ್ಸು ಓಡಿಸಿ ನಿವೃತ್ತನಾದ ಮೇಲೆ ನನ್ನ ಮಾತು ಕೇಳುವ ಪ್ರಯಾಣಿಕಳು ಮನೆಯಲ್ಲಿ ಅದೊಂದೇ. ಸಂಜೆ ಅದರ ಊಟದ ಬಟ್ಟಲು ಕೈಯಲ್ಲಿ ಹಿಡಿದು ಹಳೆಯ ದನಿಯಲ್ಲಿ ಕೂಗುತ್ತಿದ್ದೆ: "ಉತೆನಾ! ಉಕ್ಮೆರ್ಗೆ! ಯೊನವಾ! ಕೌನಸ್, ಕೊನೇ ಸ್ಟಾಪು, ಎಲ್ಲರೂ ಇಳೀರಿ!" ಕೊನೆಯ ಸ್ಟಾಪಿನಲ್ಲಿ ಬಟ್ಟಲು ನೆಲಕ್ಕಿಳಿಯುತ್ತಿತ್ತು. ಮನೆಯ ಯಾವ ಮೂಲೆಯಲ್ಲಿದ್ದರೂ ಬ್ರುಕ್ನೆ ಯೊನವಾ ದಾಟುವಷ್ಟರಲ್ಲಿ ಹಾಜರ್.

ಹಾಗಾಗಿ ಒಯ್ಯುವುದಾದರೆ ಸರಿಯಾಗಿ ಒಯ್ಯಬೇಕು ಎಂದು ಹಟ ಹಿಡಿದೆ. ಗ್ಯಾರೇಜಿನಲ್ಲಿ ಕೂತು ದಪ್ಪ ಪ್ಲೈವುಡ್ಡಿನಿಂದ ಪೆಟ್ಟಿಗೆ ಮಾಡಿದೆ. ಎರಡೂ ಪಕ್ಕಕ್ಕೆ ಗಾಳಿಯ ತೂತು, ಮುಂದೆ ಸರಳಿನ ಬಾಗಿಲು, ಹಿತ್ತಾಳೆಯ ಚಿಲಕ, ಸೀಟ್ ಬೆಲ್ಟ್ ಹಾಯಿಸಲು ಮೇಲೆ ಎರಡು ಕೊಂಡಿ. ಒಳಗೆ ನನ್ನ ಡ್ಯೂಟಿಯ ಹಳೇ ಸ್ವೆಟರ್ ಹಾಸಿ, ಮೂರು ವಾರ ಮೊದಲೇ ಬಾಗಿಲು ತೆರೆದು ಅಡುಗೆಮನೆಯಲ್ಲಿಟ್ಟೆ. ನಾಲ್ಕನೇ ದಿನ ಬೆಕ್ಕು ಅದರೊಳಗೆ ಹೋಗಿ ಮಲಗಿತು. ನಾನು ಕುಣಿಯುವುದೊಂದು ಬಾಕಿ.

ನನ್ನ ಹೆಂಡತಿ ಆಲ್ಡೋನಾ ಪೆಟ್ಟಿಗೆಯನ್ನು ಎತ್ತಿ ನೋಡಿ ಸೊಂಟ ಹಿಡಿದುಕೊಂಡಳು. "ಇದೇನು ಬೆಕ್ಕಿನ ಪೆಟ್ಟಿಗೆನೋ, ಬ್ಯಾಂಕಿನ ತಿಜೋರಿನೋ? ತೊಡೆ ಮೇಲೆ ಕೂರಿಸ್ಕೊಂಡ್ರೆ ಮುಗೀತು. ಪಾಪ, ಅವಳಿಗೂ ಕಿಟಕಿ ನೋಡೋ ಆಸೆ ಇರಲ್ವಾ?"

"ನನ್ನ ಗಾಡೀಲಿ ಯಾರೂ ತೊಡೆ ಮೇಲೆ ಕೂರಲ್ಲ."

ಕಾರಣವಿತ್ತು. ತೊಂಬತ್ತನಾಲ್ಕರ ಚಳಿಗಾಲದಲ್ಲಿ ಒಬ್ಬಾಕೆ ಕೋಟಿನೊಳಗೆ ಬೆಕ್ಕು ಬಚ್ಚಿಟ್ಟುಕೊಂಡು ನನ್ನ ಬಸ್ಸು ಹತ್ತಿದ್ದಳು. ಯೊನವಾದ ಸೇತುವೆಯ ಇಳಿಜಾರಿನಲ್ಲಿ ಅದು ಹಾರಿ ಬಂದು ನನ್ನ ಬ್ರೇಕಿನ ಪೆಡಲಿನ ಕೆಳಗೆ ಸೇರಿಕೊಂಡಿತು. ಕೆಳಗೆ ಬೆಕ್ಕು, ಹಿಂದೆ ನಲವತ್ತೆರಡು ಜನ. ಹ್ಯಾಂಡ್ ಬ್ರೇಕಿನಲ್ಲಿ ಬಸ್ಸು ನಿಲ್ಲಿಸಿ ಹತ್ತು ನಿಮಿಷ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಕೂತಿದ್ದೆ. ಆ ಕತೆಯನ್ನು ಆಲ್ಡೋನಾ ನೂರು ಸಲ ಕೇಳಿದ್ದಾಳೆ, ನೂರು ಸಲವೂ "ಆ ಬೆಕ್ಕು ಬೇರೆ, ಇವಳು ಬೇರೆ" ಅಂದಿದ್ದಾಳೆ.

ಆ ಶನಿವಾರ ಬೆಳಿಗ್ಗೆ ಬೆಕ್ಕಿಗೆ ತಿಂಡಿ ಕೊಡಲಿಲ್ಲ, ದಾರಿಯಲ್ಲಿ ವಾಂತಿ ಮಾಡಿಕೊಳ್ಳಬಾರದಲ್ಲ. ಎದೆಗೆ ಪಟ್ಟಿ ಕಟ್ಟಿ, ಕೊರಳಿಗೆ ಫೋನ್ ನಂಬರಿನ ಬಿಲ್ಲೆ ಹಾಕಿದೆ. ನೀರು, ಮರಳಿನ ತಟ್ಟೆ, ಲಸಿಕೆಯ ಪುಸ್ತಕ ಎಲ್ಲ ಡಿಕ್ಕಿ ಸೇರಿದವು. ಬ್ರುಕ್ನೆ ತಾನಾಗಿಯೇ ಪೆಟ್ಟಿಗೆಗೆ ಹೋಗಿ ಮಲಗಿತ್ತು. ಪೆಟ್ಟಿಗೆಯನ್ನು ಹಾಗೇ ಎತ್ತಿ ಮುಂಬಾಗಿಲ ಬಳಿ ಇಟ್ಟೆ. ಇನ್ನು ಕೂರುವುದೊಂದು ಉಳಿದಿತ್ತು.

ದೂರದ ದಾರಿಗೆ ಹೊರಡುವ ಮುಂಚೆ ಎಲ್ಲರೂ ಒಂದು ನಿಮಿಷ ಸದ್ದಿಲ್ಲದೆ ಕೂರಬೇಕು. ಇದನ್ನು ಮಾತ್ರ ನಾನೂ ತಪ್ಪಿಸುವವನಲ್ಲ. ಮೂಢನಂಬಿಕೆಯಿಂದಲ್ಲ, ಡ್ರೈವರ್‌ಗಳಿಗೆ ಅದು ಶಿಸ್ತು. ಆಲ್ಡೋನಾ ಚಪ್ಪಲಿಯ ಬೆಂಚಿನ ಮೇಲೆ ಕೂತಳು, ನಾನು ಸೂಟ್‌ಕೇಸಿನ ಮೇಲೆ ಕೂತು ಕಣ್ಣು ಮುಚ್ಚಿ ದಾರಿಯನ್ನೆಲ್ಲ ಒಮ್ಮೆ ನೆನೆದೆ: ಪಾನೆವೇಜಿಸ್, ಶೌಲೈ, ಪ್ಲುಂಗೆ, ಸಮುದ್ರ. ಆಲ್ಡೋನಾ ಒಮ್ಮೆ ಕೆಮ್ಮಿದಳು. "ಶ್!" ಎಂದೆ. ಕಣ್ಣು ತೆರೆದಾಗ ಪೆಟ್ಟಿಗೆಯ ಬಾಗಿಲು ಒಂದಿಷ್ಟು ಸರಿದಿತ್ತು. ಚಿಲಕ ಹಾಕಿ, ಮೇಲೆ ತೆಳು ಬಟ್ಟೆ ಮುಚ್ಚಿ, ಕಾರಿನ ಹಿಂದಿನ ಸೀಟಿಗೆ ಬೆಲ್ಟಿನಿಂದ ಬಿಗಿದೆ. ಅಲುಗಾಡಿಸಿ ನೋಡಿದೆ, ಕದಲಲಿಲ್ಲ. ಒಂಬತ್ತು ಗಂಟೆಗೆ ಸರಿಯಾಗಿ ಹೊರಟೆವು.

ಇಪ್ಪತ್ತೈದು ಕಿಲೋಮೀಟರ್ ನಾನು ಹೊಗಳಿಕೊಂಡಿದ್ದೇ ಹೊಗಳಿಕೊಂಡಿದ್ದು. "ನೋಡ್ದಾ? ಚಕಾರ ಇಲ್ಲ! ಜನ ಹೇಳ್ತಾರೆ, ಬೆಕ್ಕು ಕಾರಲ್ಲಿ ಕಿತಾಪತಿ ಮಾಡತ್ತೆ ಅಂತ. ಪೆಟ್ಟಿಗೆ ಮಾಡೋಕೆ ಬರಬೇಕು, ಅಷ್ಟೇ. ಮೂರು ವಾರದ ತಯಾರಿ ಇದು!"

"ಹೌದಪ್ಪಾ," ಎಂದಳು ಆಲ್ಡೋನಾ. "ನಾನಂತೂ ಅವಳು ಹೊರಗೆ ಬಂದಾಗ ಆಯ್ತು ಇನ್ನು ಕತೆ ಅಂದ್ಕೊಂಡಿದ್ದೆ. ಎಷ್ಟು ಬೇಗ ಒಳಗೆ ಹಾಕ್ಬಿಟ್ಟೆ ನೀನು!"

"ಯಾವಾಗ ಹೊರಗೆ ಬಂತು?"

"ಕೂತಿದ್ವಲ್ಲ, ಆಗ. ಮೂತಿಯಿಂದ ಬಾಗಿಲು ತಳ್ಳಿ, ಮೈ ಮುರಿದು, ಅಡುಗೆಮನೆ ಕಡೆ ಹೋದ್ಲಲ್ಲ."

ಕಾರನ್ನು ಪಕ್ಕಕ್ಕೆ ಹಾಕಿದೆ. "ನೋಡಿ ಸುಮ್ನೆ ಇದ್ಯಾ?"

"ಮತ್ತೆ? ಕೂತಾಗ ಮಾತಾಡಿದ್ರೆ ದಾರಿ ಕೆಡಲ್ವಾ? ಕೆಮ್ಮಿದೆ. ನೀನೇ ಶ್ ಅಂದೆ!"

"ಆಮೇಲಾದ್ರೂ ಹೇಳ್ಬಾರ್ದಾ?"

"ಆಮೇಲೆ ನೀನು ಚಿಲಕ ಹಾಕ್ದೆ. ಒಳಗೆ ಹಾಕಿರ್ತೀಯ ಅಂದ್ಕೊಂಡೆ. ಖಾಲಿ ಪೆಟ್ಟಿಗೆಗೆ ಯಾರಾದ್ರೂ ಚಿಲಕ ಹಾಕ್ತಾರಾ?"

ಹಾಕುತ್ತಾರೆ. ಬಟ್ಟೆ ಸರಿಸಿದೆ. ನನ್ನ ಸ್ವೆಟರ್ ಮಾತ್ರ ಸೀಟ್ ಬೆಲ್ಟಿನ ಪೂರ್ಣ ರಕ್ಷಣೆಯಲ್ಲಿ ಪ್ರಯಾಣ ಮಾಡುತ್ತಿತ್ತು. ಆ ತಿಜೋರಿಯ ಭಾರದಲ್ಲಿ ಮೂರೂವರೆ ಕಿಲೋ ಬೆಕ್ಕು ಇದೆಯೋ ಇಲ್ಲವೋ ಯಾರಿಗೆ ತಿಳಿಯಬೇಕು!

ಗಾಡಿ ತಿರುಗಿಸಿದೆ. "ಹೊರಟ ಮೇಲೆ ವಾಪಸ್ ಹೋಗಬಾರದು" ಎಂದು ಆಲ್ಡೋನಾ ದಾರಿಯುದ್ದಕ್ಕೂ ಗೊಣಗಿದಳು. ಬ್ರುಕ್ನೆಯನ್ನು ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಕೋಟುಗಳ ಗೂಟದ ಮೇಲಿನ ಹಲಗೆಯಲ್ಲಿ, ನನ್ನ ಡ್ರೈವರ್ ಟೋಪಿಯೊಳಗೆ ಮುದುಡಿ ಮಲಗಿದ್ದು ಕಂಡಿತು. ಬೈಯಲು ಬಾಯಿ ತೆರೆದವನು ಹಾಗೇ ನಿಂತೆ. ನಾಳೆ ಈ ಟೋಪಿ ಖಾಲಿ ಇರುತ್ತದಲ್ಲ ಎನ್ನಿಸಿತು.

"ಕನ್ನಡಿ ನೋಡು," ಎಂದಳು ಆಲ್ಡೋನಾ ಬಾಗಿಲಲ್ಲಿ ಅಡ್ಡ ನಿಂತು. "ವಾಪಸ್ ಬಂದವರು ಕನ್ನಡಿ ನೋಡಿ ನಾಲಿಗೆ ಚಾಚಬೇಕು. ಇಲ್ದಿದ್ರೆ ನಾನು ಕಾರು ಹತ್ತಲ್ಲ."

ಅರವತ್ನಾಲ್ಕು ವರ್ಷದ ನಾನು, ಅಪಘಾತವಿಲ್ಲದ ಸೇವೆಗೆ ಪದಕ ಪಡೆದವನು, ಬೆಕ್ಕನ್ನು ಕಂಕುಳಲ್ಲಿ ಹಿಡಿದು ಕನ್ನಡಿಗೆ ನಾಲಿಗೆ ಚಾಚಿದೆ. ಆಮೇಲೆ ಮತ್ತೆ ಒಂದು ನಿಮಿಷ ಕೂತೆವು. ಈ ಸಲ ಕಣ್ಣು ಮುಚ್ಚಲಿಲ್ಲ, ಚಿಲಕದ ಮೇಲಿನ ಕೈಯನ್ನೂ ತೆಗೆಯಲಿಲ್ಲ. ಹೊರಟಾಗ ಹನ್ನೊಂದಕ್ಕೆ ಹತ್ತು ನಿಮಿಷ.

ಈಗ ಪೆಟ್ಟಿಗೆಯಲ್ಲಿ ನಿಜವಾದ ಬೆಕ್ಕು ಇದೆ ಎನ್ನಲು ಯಾವ ಸಾಕ್ಷಿಯೂ ಬೇಕಿರಲಿಲ್ಲ. ಪಾನೆವೇಜಿಸ್‌ವರೆಗೆ ಒಂದೇ ಸಮನೆ ಕೂಗಿತು. ಕಿಟಕಿ ಪೂರ್ತಿ ಇಳಿಸುವಂತಿಲ್ಲ, ರೇಡಿಯೊ ಹಾಕುವಂತಿಲ್ಲ. ಗೆನೆ ಮೂರು ಸಲ ಫೋನು ಮಾಡಿದಳು. ಮೊದಲ ಸಲ "ಎಲ್ಲಿದೀರಿ?" ಎರಡನೇ ಸಲ "ಅವಳ ದನಿ ಕೇಳಿಸಿ!" ಮೂರನೇ ಸಲ ಮಾತಿಗಿಂತ ನಗುವೇ ಹೆಚ್ಚು. ಅಡುಗೆಮನೆಯ ಗೆಳತಿಯರೆಲ್ಲ ಬಂದು ಅಂಗಳದಲ್ಲಿ ಮೇಜು ಹಾಕುತ್ತಿದ್ದಾರಂತೆ, ಕಡಲ ಕಡೆಯಿಂದ ಮೋಡ ಏಳುತ್ತಿದೆಯಂತೆ.

ಶೌಲೈ ದಾಟಿ ಒಂದು ದಾರಿಬದಿಯ ಕೆಫೆಯ ಮುಂದೆ, ಮರದ ನೆರಳಿನಲ್ಲಿ ನಿಲ್ಲಿಸಿದೆ. ನಿಂತ ಕಾರು ಬೇಸಿಗೆಯಲ್ಲಿ ಬಹುಬೇಗ ಒಲೆಯಾಗುತ್ತದೆ, ಬೆಕ್ಕೊಂದನ್ನೇ ಬಿಡುವ ಹಾಗಿಲ್ಲ. ಒಬ್ಬರಾದ ಮೇಲೆ ಒಬ್ಬರು ತಿನ್ನುವುದೆಂದು ಒಪ್ಪಂದವಾಯಿತು. ನಾನು ಮೊದಲು ಹೋಗಿ ತಣ್ಣನೆಯ ಬೀಟ್‌ರೂಟ್ ಸಾರನ್ನು ಎರಡು ಗುಟುಕಿಗೆ ಮುಗಿಸಿ, ಆಲ್ಡೋನಾಳಿಗೆ ಮಾಂಸ ತುಂಬಿದ ಬಿಸಿ ಕಡುಬು ಕಟ್ಟಿಸಿಕೊಂಡು ಬಂದೆ. ಕಾರಿನ ಬಾಗಿಲಿಗೆ ಕೈ ಹಾಕಿದ್ದೇ ತಡ, ಒಳಗಿಂದ ಚೀರಾಟ.

"ತೆಗೀಬೇಡ! ತೆಗೀಬೇಡ! ಹೊರಗಿದಾಳೆ!"

"ಯಾರು ಹೊರಗಿದಾರೆ?"

"ಬ್ರುಕ್ನೆ! ಪೆಟ್ಟಿಗೆಯಿಂದ ಹೊರಗೆ, ಕಾರಿನ ಒಳಗೆ! ನೀರು ಕೊಡೋಣ ಅಂತ ಚಿಲಕ ತೆಗೆದೆ. ನಿನ್ನ ಪೆಡಲ್ ಕೆಳಗೆ ಸೇರ್ಕೊಂಡಿದಾಳೆ!"

ಪೆಡಲ್ ಕೆಳಗೆ! ಬಾಗಿಲು ಒಂದು ಗೇಣು ತೆರೆದರೆ ಸಾಕು, ಮುಂದೆ ಹೆದ್ದಾರಿ, ಲಾರಿಗಳ ಸಾಲು. ಎಣ್ಣೆ ತೊಟ್ಟಿಕ್ಕುವ ಕಡುಬು ಹಿಡಿದು ನನ್ನ ಕಾರಿನ ಹೊರಗೆ ನಾನೇ ನಿಂತೆ. ಪಕ್ಕದಲ್ಲಿದ್ದ ಲಾರಿ ಡ್ರೈವರೊಬ್ಬ ಸಿಗರೇಟು ಸೇದುತ್ತ ಕೇಳಿದ:

"ಏನಣ್ಣ, ಮನೆಯೋರು ಹೊರಗೆ ಹಾಕಿದ್ರಾ?"

"ಬೆಕ್ಕು ಹಾಕಿದೆ," ಎಂದೆ.

ಕಿಟಕಿ ಎರಡು ಬೆರಳಿನಷ್ಟು ಇಳಿದಿತ್ತು. ಅಲ್ಲಿಂದಲೇ ಹುಕುಂ ಕೊಟ್ಟೆ: ಕಿರುಚಬೇಡ, ಕೈ ಹಾಕಬೇಡ, ಪೆಟ್ಟಿಗೆಯನ್ನು ಬಾಗಿಲು ತೆರೆದು ನನ್ನ ಸೀಟಿನ ಮೇಲೆ ಇಡು. ಆಲ್ಡೋನಾ ಏದುಸಿರು ಬಿಡುತ್ತ ಇಟ್ಟಳು. ಬೆಕ್ಕು ಕದಲಲಿಲ್ಲ. ಆಗ ಕಿಟಕಿಯ ಸಂದಿಗೆ ಬಾಯಿಟ್ಟು, ಇಡೀ ಕೆಫೆಗೆ ಕೇಳುವ ಹಾಗೆ ಕೂಗಿದೆ: "ಉತೆನಾ! ಉಕ್ಮೆರ್ಗೆ! ಯೊನವಾ!"

ಲಾರಿಯವನ ಸಿಗರೇಟು ಬಾಯಲ್ಲೇ ನಿಂತಿತು. ಪೆಡಲಿನ ಕೆಳಗಿಂದ ಮೊದಲು ಕಿವಿ ಬಂತು, ಆಮೇಲೆ ಮೂತಿ. "ಕೌನಸ್, ಕೊನೇ ಸ್ಟಾಪು, ಎಲ್ಲರೂ ಇಳೀರಿ!" ಬ್ರುಕ್ನೆ ಸೀಟಿಗೆ ಹಾರಿ, ಸ್ವೆಟರಿನ ವಾಸನೆ ನೋಡಿ, ಒಳಗೆ ಹೋಗಿ ಕೂತಿತು. ಆಲ್ಡೋನಾ ಚಿಲಕ ಹಾಕಿದಳು. ಲಾರಿಯವನು ಚಪ್ಪಾಳೆ ತಟ್ಟಿದ. ನಾನು ಪೆಟ್ಟಿಗೆಯನ್ನು ಮತ್ತೆ ಹಿಂದಿನ ಸೀಟಿಗೆ ಬೆಲ್ಟಿನಿಂದ ಬಿಗಿದೆ.

ಇಷ್ಟಾದರೂ ಆಲ್ಡೋನಾ ಸೋಲುವವಳಲ್ಲ. "ಈಗ ಸಮಾಧಾನ ಆಗಿದಾಳೆ. ಮಿಕ್ಕಿದ್ದು ಸ್ವಲ್ಪ ದೂರ ತಾನೇ? ತೊಡೆ ಮೇಲೆ ಕೊಡು."

"ಕೊಡಲ್ಲ."

"ಕಲ್ಲು ಮನಸ್ಸಿನವನು ನೀನು." ಹಿಂದಿನ ಸೀಟಿನಿಂದ ಗೆನೆಗೆಂದು ಕೊಂಡ ಶಕೋತಿಸ್ ತೆಗೆದುಕೊಂಡಳು. ಮದುವೆ, ಗೃಹಪ್ರವೇಶ, ಎಲ್ಲಕ್ಕೂ ನಾವು ಒಯ್ಯುವ ಆಳೆತ್ತರದ ಮೊಟ್ಟೆ ಕೇಕು ಅದು. ಇದು ಮೊಣಕೈ ಎತ್ತರದ ಚಿಕ್ಕದು, ಸುತ್ತಲೂ ಮುಳ್ಳು ಮುಳ್ಳು. "ಇದನ್ನಾದ್ರೂ ಇಟ್ಕೋತೀನಿ, ಇದಕ್ಕೆ ನಿನ್ನ ಅಪ್ಪಣೆ ಬೇಡ," ಎಂದು ತೊಡೆಯ ಮೇಲಿಟ್ಟುಕೊಂಡು ತಬ್ಬಿ ಕೂತಳು.

ಪ್ಲುಂಗೆ ದಾಟಿ ಕಾಡಿನ ನಡುವೆ ತೊಂಬತ್ತರ ವೇಗದಲ್ಲಿದ್ದೆ. ಬಲಗಡೆಯ ಪೊದೆಯಿಂದ ಜಿಂಕೆಯೊಂದು ನೇರ ರಸ್ತೆಯ ಮಧ್ಯಕ್ಕೆ ಹಾರಿತು. ನನ್ನ ಕಾಲು ನನಗಿಂತ ಮೊದಲು ಬ್ರೇಕಿನ ಮೇಲಿತ್ತು. ಟೈರು ಕಿರುಚಿತು, ಬೆಲ್ಟು ಎದೆಗೆ ಕಚ್ಚಿತು. ಆಲ್ಡೋನಾಳ ತೊಡೆಯ ಮೇಲಿನ ಶಕೋತಿಸ್ ಹಾರಿ ಮುಂದಿನ ಗಾಜಿಗೆ ಅಪ್ಪಳಿಸಿ ಚೂರುಚೂರಾಯಿತು. ಜಿಂಕೆ ಒಮ್ಮೆ ನಮ್ಮನ್ನು ನೋಡಿ, ಎಡಗಡೆಯ ಪೊದೆಗೆ ಹೋಯಿತು.

ಕಾರು ನಿಂತಿತು. ಹಿಂದಿನ ಸೀಟಿನಿಂದ ಒಂದೇ ಒಂದು "ಮಿಯಾಂವ್" ಬಂತು. ನೋವಿನದಲ್ಲ, ದೂರಿನದು. ಪೆಟ್ಟಿಗೆ ಬೆರಳಿನಷ್ಟೂ ಸರಿದಿರಲಿಲ್ಲ.

ಆಲ್ಡೋನಾಳ ಕೂದಲಲ್ಲಿ ಕೇಕಿನ ಮುಳ್ಳೊಂದು ಸಿಕ್ಕಿಕೊಂಡಿತ್ತು. ಖಾಲಿಯಾದ ತನ್ನ ತೊಡೆಯನ್ನು ನೋಡಿದಳು, ಗಾಜಿನ ಮೇಲಿನ ಚೂರುಗಳನ್ನು ನೋಡಿದಳು. ತಬ್ಬಿ ಹಿಡಿದದ್ದೇ ಉಳಿದಿರಲಿಲ್ಲ.

"ರಿಮಾಸ್," ಎಂದಳು, "ಅದು ಅವಳಾಗಿದ್ರೆ..."

"ಆಗಿರ್ಲಿಲ್ವಲ್ಲ."

"ಯೊನವಾ ಸೇತುವೆ ಕತೆ ಇನ್ನೊಂದ್ಸಲ ಹೇಳು. ಈ ಸಲ ನಡುವೆ ಬಾಯಿ ಹಾಕಲ್ಲ."

ಹೇಳಿದೆ. ನಮ್ಮ ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಹೀಗೆ ಕೇಳಿದ್ದು ಅದೇ ಮೊದಲು. ಕೇಕಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ತುಂಬುತ್ತ ಕೇಳಿದಳು. ನಡುನಡುವೆ ಒಂದೆರಡು ಚೂರು ನನ್ನ ಬಾಯಿಗೂ ಬಂತು.

ನಾಲ್ಕೂಕಾಲು ಗಂಟೆಗೆ ಶ್ವೆಂತೋಯಿ. ಪೈನ್ ಮರಗಳ ಹಿಂದೆ ಸಮುದ್ರದ ಸದ್ದು, ಮೇಲೆ ಕಪ್ಪಗೆ ಮೋಡ. ಗೆನೆಯ ಮನೆ ದೂರದಿಂದಲೇ ಕಂಡಿತು. ಎರಡು ಕೋಣೆ, ಒಂದು ಅಡುಗೆಮನೆ, ಹಸಿರು ಬಾಗಿಲು. ಮುಂದೆ ಹುಲ್ಲಿನ ಮೇಲೆ ಇಪ್ಪತ್ತು ಜನ, ಎಲ್ಲರ ಕೈಯಲ್ಲೂ ಒಂದೊಂದು ಪಾತ್ರೆ. ಹೊಸ ನೀಲಿ ಲಂಗ ತೊಟ್ಟ ಗೆನೆ ಬರಿಗಾಲಲ್ಲಿ ಓಡಿ ಬಂದು ಕಾರು ನಿಲ್ಲುವ ಮೊದಲೇ ಬಾಗಿಲಿಗೆ ಕೈ ಹಾಕಿದಳು.

"ಕೈ ತೆಗಿ!" ಎಂದು ಗದರಿದೆ. "ಇಲ್ಲಿ ಯಾರೂ ಪೆಟ್ಟಿಗೆ ತೆಗೆಯೋ ಹಾಗಿಲ್ಲ. ಮನೆ ಕಿಟಕಿ ಎಲ್ಲ ಮುಚ್ಚಿದ್ಯಾ? ಹಿಂಬಾಗಿಲು?"

"ಮುಚ್ಚಿದೆ ಕಣೋ, ಬೆಳಿಗ್ಗೆಯಿಂದ ಹತ್ತು ಸಲ ನೋಡಿದೀನಿ! ಅಯ್ಯೋ ಬಂದ್ಲಲ್ಲೇ, ನನ್ನ ಬಂಗಾರ ಬಂದ್ಲಲ್ಲೇ!" ಅವಳು ಸರಳಿನ ಬಾಗಿಲಿಗೆ ಮುಖವಿಟ್ಟು ಅಳುತ್ತಲೇ ನಗುತ್ತಿದ್ದಳು. ಬ್ರುಕ್ನೆ ಅವಳ ಮೂಗನ್ನು ಮೂಸಿ ಒಮ್ಮೆ ನೆಕ್ಕಿತು. ಮರೆತಿರಲಿಲ್ಲ. ನನಗೆ ಖುಷಿಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಪೆಟ್ಟಿಗೆಯನ್ನು ಮೆಟ್ಟಿಲಿನ ಮೇಲೆ, ಹೊಸಿಲಿನಿಂದ ಒಂದು ಮೊಳ ಈಚೆ ಇಟ್ಟೆ. ಗೆನೆ ಹಸಿರು ಬಾಗಿಲನ್ನು ತೆರೆದಳು. ಒಳಗೆ ಹೊಸ ಮರದ ವಾಸನೆ, ಬೋಳು ನೆಲ, ಒಂದೇ ಒಂದು ಸಾಮಾನಿಲ್ಲ. ಎದೆಪಟ್ಟಿಗೆ ಹಗ್ಗ ಸಿಕ್ಕಿಸಿ, ತುದಿಯನ್ನು ಮುಂಗೈಗೆ ಸುತ್ತಿಕೊಂಡು, ಆಮೇಲೆ ಚಿಲಕ ತೆಗೆದೆ. ಜನ ಕತ್ತು ಚಾಚಿದರು. ಬ್ರುಕ್ನೆ ಹೊರಗೆ ಬಂತು, ಮೈ ಮುರಿಯಿತು, ಹೊಸಿಲವರೆಗೆ ಹೋಗಿ ನಿಂತಿತು. ಒಳಗೆ ನೋಡಿತು. ತಿರುಗಿ ನನ್ನನ್ನು ನೋಡಿತು. ಅಲ್ಲೇ ಕೂತುಬಿಟ್ಟಿತು.

"ಹೋಗು ಚಿನ್ನಾ," ಎಂದಳು ಗೆನೆ. ಎಲ್ಲರೂ ಒಬ್ಬೊಬ್ಬರಾಗಿ ಕರೆದರು, ಮೀನು ತೋರಿಸಿದರು. ಮಳೆಯ ಮೊದಲ ಹನಿ ಬಿತ್ತು.

ಕಾಯುವ ಹೊತ್ತಿಗೆ ತಮಾಷೆಗೆಂದು ಪಕ್ಕದ ಮನೆಯ ಸ್ತಾಸೆ ಅಜ್ಜಿಯನ್ನು ಕೇಳಿದೆ. ಹೊಸ ಮನೆಗೆ ಶುಭವಾಗಲೆಂದು ಅವರು ಕೈಯಲ್ಲಿ ಕರಿ ರೊಟ್ಟಿ, ಉಪ್ಪು ಹಿಡಿದು ನಿಂತಿದ್ದರು. "ಅಜ್ಜಿ, ಬೆಕ್ಕೇ ಯಾಕೆ ಮೊದಲು? ಮಂಚದ ಜಾಗ ತೋರ್ಸೋಕೆ ಬಡಗಿ ಸಾಲಲ್ವಾ?"

"ಮಂಚದ್ದು ಆಮೇಲಿನ ಮಾತು ಕಣಪ್ಪ," ಎಂದರು ಅಜ್ಜಿ, ಹವಾಮಾನ ಹೇಳುವಷ್ಟೇ ಸಲೀಸಾಗಿ. "ಹೊಸ ಮನೇಲಿ ಏನು ಕೆಟ್ಟದ್ದು ಕಾದಿರತ್ತೋ ಯಾರಿಗೆ ಗೊತ್ತು? ಸಾವೋ, ರೋಗವೋ. ಮೊದಲು ದಾಟಿದವರು ಅದನ್ನ ತಮ್ಮ ಮೇಲೆ ಎಳ್ಕೋತಾರೆ. ಅದಕ್ಕೇ ಮನುಷ್ಯರು ಹೋಗಲ್ಲ, ಬೆಕ್ಕನ್ನ ಬಿಡ್ತೀವಿ. ಬೆಕ್ಕು ತಾನೇ, ಹೋದ್ರೆ ಹೋಗತ್ತೆ."

ಬೆಕ್ಕು ತಾನೇ!

ಗ್ಯಾರೇಜಿನಲ್ಲಿ ಕೂತು ಪೆಟ್ಟಿಗೆಗೆ ಮರಳು ಕಾಗದ ಉಜ್ಜಿದ್ದು, ಕನ್ನಡಿಗೆ ನಾಲಿಗೆ ಚಾಚಿದ್ದು, ಕಡುಬು ಹಿಡಿದು ಹೆದ್ದಾರಿಯಲ್ಲಿ ನಿಂತದ್ದು, ಜಿಂಕೆ, ಬ್ರೇಕು, ಎಲ್ಲ ಇದಕ್ಕಾ? ಗಾಯವಾಗದ ಹಾಗೆ ಮುನ್ನೂರು ಕಿಲೋಮೀಟರ್ ತಂದು, ಕೊನೆಯ ಒಂದು ಮೊಳದಲ್ಲಿ ಎಲ್ಲರ ಕೇಡನ್ನು ಅದರ ತಲೆಗೆ ಕಟ್ಟುವುದಕ್ಕಾ? ಇದನ್ನೆಲ್ಲ ನಾನು ನಂಬುವುದಿಲ್ಲ. ಒಂದು ಕ್ಷಣವೂ ನಂಬಿದವನಲ್ಲ. ಆದರೆ ಆ ಕ್ಷಣ ನನಗೆ ಭಯವಾಯಿತು, ಬಚ್ಚಿಡುವುದೇನು, ಬಹಳ ಭಯವಾಯಿತು.

ಬ್ರುಕ್ನೆ ಬಾಲವನ್ನು ಒಮ್ಮೆ ಅಲ್ಲಾಡಿಸಿ, ಬಿಳಿ ಬೆರಳಿನ ಕಾಲನ್ನು ಹೊಸಿಲಿನ ಮೇಲಕ್ಕೆ ಎತ್ತಿತು. ನಾನು ಬೆಕ್ಕನ್ನು ದಾಟಿಕೊಂಡು, ಅದಕ್ಕಿಂತ ಮೊದಲು ಬಲಗಾಲನ್ನು ಒಳಗಿಟ್ಟೆ. ಆಮೇಲೆ ಎಡಗಾಲನ್ನೂ.

ಹೊರಗೆ ಇಪ್ಪತ್ತು ಜನ ಒಟ್ಟಿಗೆ "ಹೋ!" ಎಂದರು. ಯಾರದೋ ಪಾತ್ರೆ ಕೆಳಗೆ ಬಿತ್ತು.

"ಅಣ್ಣಾ!" ಗೆನೆಯ ಮುಖ ಬಿಳಿಚಿಕೊಂಡಿತು. "ಏನ್ ಮಾಡ್ಬಿಟ್ಟೆ! ನಿಂಗೇನಾದ್ರೂ ಆದ್ರೆ?"

"ಮೂವತ್ತೊಂದು ವರ್ಷ ಮುಂದಿನ ಸೀಟಲ್ಲಿ ಕೂತವನು ನಾನು," ಎಂದೆ. ನನ್ನ ದನಿ ಖಾಲಿ ಮನೆಯಲ್ಲಿ ಗುಡುಗಿತು. "ಎದುರಿಂದ ಏನೇ ಬಂದ್ರೂ ಮೊದಲು ನಂಗೆ ತಗಲ್ಬೇಕು. ಪ್ರಯಾಣಿಕರು ನನ್ನ ಹಿಂದೆ. ನನ್ನ ಗಾಡೀಲಿ ಇದೇ ರೂಲ್ಸು. ನೀನು ಒಳಗೆ ಬರಬೇಕಾ? ನಿನ್ನ ಬೆಕ್ಕಿನ ಹಿಂದೆ ಬಾ."

ಆಮೇಲೆ ಬಸ್ಸಿನ ದನಿ ತೆಗೆದೆ. "ಉತೆನಾ! ಪಾನೆವೇಜಿಸ್! ಶೌಲೈ! ಪ್ಲುಂಗೆ! ಶ್ವೆಂತೋಯಿ, ಕೊನೇ ಸ್ಟಾಪು, ಎಲ್ಲರೂ ಇಳೀರಿ!"

ಬ್ರುಕ್ನೆ ಬಾಲ ನೆಟ್ಟಗೆ ಮಾಡಿಕೊಂಡು, ಹೊಸಿಲು ದಾಟಿ, ತನ್ನ ಮನೆಗೆ ಬಂತು. ಅದರ ಹಿಂದೆ ಗೆನೆ. ಬರಿಗಾಲನ್ನು ಹೊಸ ನೆಲದ ಮೇಲಿಟ್ಟವಳು ಒಂದು ಸಲ ಬಿಕ್ಕಿದಳು, ನೇರ ನನ್ನ ಬಳಿ ಬಂದು ಎರಡೂ ಮುಷ್ಟಿಯಿಂದ ನನ್ನ ಎದೆಗೆ ಗುದ್ದಿ, ಆಮೇಲೆ ಅಪ್ಪಿಕೊಂಡಳು. "ದಡ್ಡ! ದಡ್ಡ! ಬೆಕ್ಕೆಂದ್ರೆ ಅಷ್ಟಕ್ಕಷ್ಟೆ ಅಂತಿದ್ಯಲ್ಲೋ!"

"ಅವನಾ?" ಎಂದಳು ಬಾಗಿಲಿನಿಂದ ಆಲ್ಡೋನಾ, ಕೇಕಿನ ಚೂರುಗಳ ಚೀಲ ಹಿಡಿದು. "ದಿನಾ ಸಂಜೆ ಅದಕ್ಕೆ ಕೌನಸ್ ಬಸ್ಸು ಬಿಡ್ತಿದ್ದ."

ಮಳೆ ಜೋರಾಗಿ ಹೊಡೆಯತೊಡಗಿತು. ಪಾತ್ರೆ, ರೊಟ್ಟಿ, ಉಪ್ಪು, ಅಜ್ಜಿ, ಎಲ್ಲ ನುಗ್ಗಿ ಒಳಗೆ ಬಂದವು. ಬ್ರುಕ್ನೆ ಗೋಡೆಗುಂಟ ಎರಡು ಸುತ್ತು ಹಾಕಿತು. ಅಡುಗೆಮನೆ, ಮೊದಲ ಕೋಣೆ, ಕಿಟಕಿಯಿದ್ದ ದೊಡ್ಡ ಕೋಣೆ, ಎಲ್ಲವನ್ನೂ ಮೂಸಿತು. ಹಗ್ಗ ಹಿಡಿದು ನಾನೂ ಹಿಂದೆಯೇ ಹೋದೆ, ನನ್ನ ಹಿಂದೆ ಇಪ್ಪತ್ತು ಜನ. ದೊಡ್ಡ ಕೋಣೆಯ ನಡುವೆ ಬೆಕ್ಕು ತಿರುಗಿ ಬಂದು, ನನ್ನ ಎರಡೂ ಶೂಗಳ ಮೇಲೆ ಮೈ ಚೆಲ್ಲಿ, ಮೂತಿಯನ್ನು ಬಾಲದೊಳಗೆ ಹುದುಗಿಸಿ ಮಲಗಿತು.

ಗೆನೆ ಕಣ್ಣೊರೆಸಿಕೊಂಡು ನೆಲ ನೋಡಿದಳು, ಕಿಟಕಿ ನೋಡಿದಳು, ನನ್ನ ಕಾಲು ನೋಡಿದಳು.

"ಸರಿ ಹಾಗಾದ್ರೆ, ಮಂಚ ಇಲ್ಲೇ," ಎಂದಳು. "ಶೆಡ್ಡಿನಲ್ಲಿದೆ, ತಗೊಂಡು ಬನ್ನಿ. ಅಣ್ಣಾ, ಅಲ್ಲಿವರೆಗೂ ಅಲುಗಾಡ್ಬೇಡ."

ಮಂಚವನ್ನು ತಂದು ಜೋಡಿಸಲು ಅವರಿಗೆ ನಲವತ್ತು ನಿಮಿಷ ಹಿಡಿಯಿತು. ನಾನು ಅಲುಗಾಡಲಿಲ್ಲ.